ಜಿಲಾನಿಯ ಯಂತ್ರದೊಳಗಿನ ‘ಅವರು’

ಕುಷ್ಟಗಿಯ ಬ್ಯಾಂಡ್ ಸೆಟ್ಟಿನಲ್ಲಿ ಕೀಬೋರ್ಡ್ ನುಡಿಸುವ ಜಿಲಾನಿಗೆ ಮನುಷ್ಯರಿಗಿಂತ ಲ್ಯಾಪ್‌ಟಾಪಿನ ಮೇಲೆ ನಂಬಿಕೆ ಹೆಚ್ಚು. ಶಾಮಿಯಾನ ಬಾಡಿಗೆಗೆ ಕೊಡುವ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಲ್ಯಾಪ್‌ಟಾಪು ಊಟದ ಪಂಕ್ತಿಯಲ್ಲಿ ಮುನಿಸಿಕೊಂಡು ಎದ್ದು ಹೋಗುವುದಿಲ್ಲವಲ್ಲ. ಸರಿಗಮವನ್ನು ಅಕ್ಷರಗಳಲ್ಲಿ ಬರೆದರೆ ಯಂತ್ರವೇ ನುಡಿಸುವಂಥ ಒಂದು ಲಿಪಿಯನ್ನು ಅವನೇ ಕಟ್ಟಿದ್ದಾನೆ. ಒಂದು ಧಾಟಿಯನ್ನು ಬರೆದು ಹೆಸರಿಟ್ಟರಾಯಿತು. ಆಮೇಲೆ ಹೆಸರು ಕೊಟ್ಟರೆ ಸಾಕು, ಧಾಟಿ ಬರುತ್ತದೆ.

ಹೆಸರಿಡುವುದಕ್ಕೆ ಅವನದೇ ಕಾಯಿದೆಗಳು. ಅಂಕಿ ಇರಕೂಡದು, ಏಕೆಂದರೆ ಅಂಕಿ ಸ್ವರದ ಉದ್ದಕ್ಕೆ ಮೀಸಲು. ಧಾಟಿಗೆ ಅದನ್ನು ನುಡಿಸಿದವರ ಹೆಸರೇ ಇರಬೇಕು. ಅದೇ ಹೆಸರಿಗೆ ಇನ್ನೊಂದು ಬರೆದರೆ ಹಳೆಯದು ಅಳಿಯದೆ, ಹೊಸದು ಅದರ ಬಾಲಕ್ಕೆ ಅಂಟಿಕೊಳ್ಳಬೇಕು.

“ನುಡಿಸಿದವರ ಒಂದ ಸ್ವರಾನೂ ಹಾಳಾಗಬಾರ್ದ್ರಿ ಸಾವ್ಕಾರ್ರ” ಎನ್ನುತ್ತಿದ್ದ.

ಕಳೆದ ವರ್ಷ ಕ್ಲಾರಿನೆಟ್ಟಿನ ಶಫೀಸಾಬರು ತೀರಿಕೊಂಡರು. ಮದುವೆಮನೆಯಲ್ಲಿ ಸತ್ತವರ ಹೆಸರೆತ್ತಬಾರದೆಂಬುದು ನಮ್ಮ ಬ್ಯಾಂಡಿನವರ ರೂಢಿ. ಹೆಸರು ಪರದೆಯ ಮೇಲೆ ಬೆಳಗುವುದೂ ಎತ್ತಿದಂತೆಯೇ ಎಂದುಕೊಂಡ ಜಿಲಾನಿ, ಅದನ್ನು ತೆಗೆದು ‘ಅವರು’ ಎಂದು ಬರೆದ. ಮಳೆಗಾಲದಲ್ಲಿ ಹುಲಿಹೈದರದ ಶಹನಾಯಿ ಓಬಳೆಪ್ಪನೂ ಹೋದ. ಅವನೂ ‘ಅವರು’ ಆದ. ಬದುಕಿದ್ದಾಗ ಒಂದೇ ಚಪ್ಪರದಡಿ ಕೂತು ಚಹಾ ಕುಡಿಯದ ಇಬ್ಬರು ಈಗ ಒಂದೇ ಹೆಸರಿನಡಿ ಕೂತರು!

ಮೊನ್ನೆ ಶಫೀಸಾಬರ ಹೆಂಡತಿ ಖಾಜಾಬೀ ಜಿಲಾನಿಯನ್ನು ಹುಡುಕಿಕೊಂಡು ಬಂದಳು.

“ನಾಹೀದಾನ್ನ ಕಳಸೋ ಮುಂದ ಆಕಿ ಅಪ್ಪಂದ ಧಾಟಿ ಆಗಬೇಕಪಾ. ಊರ ಹೆಣ್ಮಕ್ಕಳ್ನೆಲ್ಲಾ ನುಡಿಸಿ ನುಡಿಸಿ ಗಂಡನ ಮನಿಗೆ ಕಳಿಸ್ಯಾರ. ತಮ್ಮ ಮಗಳನ್ನ ಕಳಸೂದು ಒಂದ ಉಳದೈತಿ.”

“ಚಿಂತಿ ಬಿಡ್ರಿ ಭಾಬಿ. ನನ್ನ ಹತ್ರ ಭದ್ರ ಅದಾರ ಅವರು.”

ಮದುವೆ ಅಳವಂಡಿಯಲ್ಲಿ. ನಾಹೀದಾ ಕಾರಿನ ಬಳಿ ಬರುತ್ತಲೇ ಜಿಲಾನಿ ‘ಅವರು’ ಎಂದು ಕೊಟ್ಟ. ಕ್ಲಾರಿನೆಟ್ಟಿನ ದನಿ ಎದ್ದಿತು. ಹೆಂಗಸರ ಅಳುವೂ ಎದ್ದಿತು. ಖಾಜಾಬೀ ಮಗಳ ಕೈ ಹಿಡಿದು ಕಣ್ಣು ಮುಚ್ಚಿದ್ದವಳು, ಧಾಟಿ ಮುಂದೆ ಹೋದಂತೆ ಥಟ್ಟನೆ ಕಣ್ಣು ಬಿಟ್ಟಳು.

“ಜಿಲಾನಿ, ಯಾರಿದು?”

“ಅವರ ಅದಾರಲ್ರಿ ಭಾಬಿ...”

“ಅಲ್ಲ. ಅವರ ಬೆನ್ನ ಹಿಂದ ಮತ್ತ್ಯಾರೋ ಬಂದ ನಿಂತಾರ.”

ಜಿಲಾನಿ ಯಂತ್ರವನ್ನು ನಿಲ್ಲಿಸಿದ.

“ಬ್ಯಾಂಡಿನವ್ರು ನಿದ್ದಿ ಹೊಡ್ಯಾಕ ಹತ್ತ್ಯಾರೇನು?” ಎಂದು ಗಂಡಿನ ಕಡೆಯವರೊಬ್ಬರು ಕೂಗಿದರು. ಕಾರಿನ ಹಾರ್ನು ಮೊಳಗಿತು.

“ಇಬ್ಬರೂ ಕೂಡ್ಯಾರ ಭಾಬಿ. ಬಿಡಸಬೇಕಂದ್ರ ನಿಮ್ಮವರಿಗೆ ಅವರದ ಹೆಸರ ಕೊಡಬೇಕು. ಮದುವಿ ಮನ್ಯಾಗ ನಾ ಹೆಂಗ ಬರೀಲಿ?”

ಖಾಜಾಬೀ ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳ ಮುಖ ನೋಡುವವಳು. ಆಗಲೂ ನೋಡಿದಳು. ಮಗಳು ತಲೆ ಎತ್ತಲಿಲ್ಲ.

“ಶಫೀಸಾಬ” ಎಂದಳು, ಚಪ್ಪರಕ್ಕೆಲ್ಲ ಕೇಳುವಂತೆ. “ಬರೀ. ಅವರೊಬ್ಬರ ಬರಲಿ.”

ಬೀಗರ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಜಿಲಾನಿ ಬರೆದ. ಧಾಟಿ ಮೊದಲಿನಿಂದ ಶುರುವಾಯಿತು, ಮುಗಿಯಬೇಕಾದಲ್ಲಿ ಮುಗಿಯಿತು. ಬೇರೆ ಯಾರೂ ಬರಲಿಲ್ಲ.

ಕಾರಿನ ಬಾಗಿಲು ತೆರೆದೇ ಇತ್ತು. ನಾಹೀದಾ ಹತ್ತಲಿಲ್ಲ. ನುಡಿಸಿದವರು ಇನ್ನೇನು ವಾದ್ಯ ಒರೆಸಿಟ್ಟು ತನ್ನ ಬಳಿ ಬರುತ್ತಾರೆ ಎಂಬಂತೆ ನಮ್ಮ ಕಡೆಗೇ ನೋಡುತ್ತ ನಿಂತಳು.