ಮೂರು ತಪ್ಪು ಬರೆಯುವ ಟೀಚರ್

ನಮ್ಮ ಪ್ರಕಾಶನದ ಕಚೇರಿಯಲ್ಲಿ ಅವರನ್ನು ಎದುರಿಗೆ 'ಟೀಚರ್' ಎಂದೂ ಬೆನ್ನ ಹಿಂದೆ 'ತಪ್ಪು ಟೀಚರ್' ಎಂದೂ ಕರೆಯುತ್ತಿದ್ದೆವು. ಆರು, ಏಳು, ಎಂಟನೇ ತರಗತಿಯ ಮಕ್ಕಳಿಗಾಗಿ ನಾವು ತರುತ್ತಿದ್ದ ಗಣಿತದ ಒಗಟಿನ ಪುಸ್ತಕಗಳನ್ನು ಬರೆಯುತ್ತಿದ್ದವರು ಅವರೇ. ಪ್ರತಿ ಒಗಟಿನ ಕೆಳಗೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ ಇರಬೇಕು. ಒಂದು ಸರಿ, ಮೂರು ತಪ್ಪು. ಸರಿಯುತ್ತರ ಯಾರಾದರೂ ಬರೆದಾರು, ತಪ್ಪುತ್ತರಕ್ಕೆ ಮಾತ್ರ ತಾನೇ ಆಗಬೇಕು ಎಂಬ ಜಂಬ ಅವರಿಗಿತ್ತು. ಆ ಜಂಬ ಸುಳ್ಳಲ್ಲ ಎಂಬುದು ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತಿದ್ದ ನನಗೆ ಗೊತ್ತಿತ್ತು.

ಒಮ್ಮೆ ಒಂದು ಒಗಟು ತೋರಿಸಿದರು. ಮುಕ್ಕಾಲು ತುಂಬಿದ ತೊಟ್ಟಿಯಿಂದ ಇಪ್ಪತ್ತು ಲೀಟರ್ ನೀರು ತೆಗೆದರೆ ಅದು ಅರ್ಧಕ್ಕೆ ಇಳಿಯುತ್ತದೆ; ತೊಟ್ಟಿ ಹಿಡಿಯುವುದು ಒಟ್ಟು ಎಷ್ಟು ಲೀಟರ್? ಉತ್ತರ ಎಂಬತ್ತು. ಅದರ ಜೊತೆಗೆ ನಲವತ್ತು, ಅರವತ್ತು, ನೂರು ಎಂದು ಬರೆದಿದ್ದರು.

"ಈ ಮೂರನ್ನ ಸುಮ್ನೆ ಬಾಯಿಗೆ ಬಂದ ಹಾಗೆ ಹಾಕಿದ್ರಾ?" ಎಂದೆ.

"ಸುಮ್ನೆ ಯಾಕೆ ಹಾಕ್ಲಿ? ನಲವತ್ತು ಅನ್ನೋ ಮಗು ಉಳಿದ ನೀರು ಕಂಡುಹಿಡಿದು ಅಲ್ಲೇ ಕೂತ್ಬಿಟ್ಟಿದೆ. ಅರವತ್ತು ಅನ್ನೋದು ಮೊದಲಿದ್ದ ನೀರು ಹೇಳ್ತಿದೆ. ನೂರು ಅನ್ನೋದಿದೆಯಲ್ಲ, ಅದಕ್ಕೆ ಆತುರ. ಎಲ್ಲಾ ಸರಿ ಮಾಡಿ ಕೊನೆಗೊಂದ್ಸಲ ಇಪ್ಪತ್ತು ಕೂಡಿಸಿಬಿಟ್ಟಿದೆ. ಮೂರೂ ನನ್ನ ಕ್ಲಾಸಲ್ಲಿ ಕೂತಿದ್ದ ಮಕ್ಕಳೇ."

ಮಾತು ಪಿಸುಗುಟ್ಟಿದಂತೆ ಬರುತ್ತಿತ್ತು. ವರ್ಷಗಟ್ಟಲೆ ಶಾಲೆಯಲ್ಲಿ ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿತ್ತು. ಇನ್ನು ಪಾಠ ಮಾಡಿದರೆ ಇರುವಷ್ಟು ದನಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಅವರು ನಮ್ಮಲ್ಲಿಗೆ ಬಂದದ್ದು.

ಬಂದ ಜಾಗವಾದರೂ ಎಂಥದ್ದು! ಟೈರು ಅಂಗಡಿಯ ಮೇಲಿನ ಮಹಡಿ. ಕೆಳಗಿನಿಂದ ಸುಟ್ಟ ರಬ್ಬರಿನ ನಾತ, ಒಳಗೆ ಅಂಟಿನ ನಾತ. ಇವೆರಡಕ್ಕೂ ಟೀಚರ್ ಹೇಗೋ ಒಗ್ಗಿಕೊಂಡರು. ಒಗ್ಗದೆ ಉಳಿದದ್ದು ಮ್ಯಾನೇಜರರ ಹೆಬ್ಬೆರಳು. ಆತ ಪ್ರತಿ ಹಾಳೆಗೂ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಪುಟ ತಿರುಗಿಸುತ್ತಿದ್ದ. ಓದುತ್ತಿದ್ದನೋ ಇಲ್ಲವೋ, ಎಂಜಲಂತೂ ಮೂಲೆಮೂಲೆಗೂ ಹತ್ತುತ್ತಿತ್ತು. ಹಸ್ತಪ್ರತಿ ವಾಪಸು ಬಂದಾಗ ಟೀಚರ್ ಅದನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ ಎತ್ತಿ, ಫ್ಯಾನಿನ ಕೆಳಗೆ ಹರಡಿ, ಕೈ ತೊಳೆಯಲು ಹೋಗುತ್ತಿದ್ದರು.

ಒಂದು ರಜೆಯ ದಿನ ಅವರು ತಂಗಿಯ ಮನೆಗೆ ಹೋದರು. ತಂಗಿಯ ಮಗಳು ಏಳನೇ ಕ್ಲಾಸು. ಹುಡುಗಿ ಟ್ಯೂಷನ್ನಿಗೆ ಸೇರಿದ್ದಳು, ಅಲ್ಲಿ ಓದಿಸುತ್ತಿದ್ದುದು ಇವರದೇ ಪುಸ್ತಕ. ದೊಡ್ಡಮ್ಮನ ಎದುರು ಜಾಣತನ ತೋರಿಸುವ ಹುಮ್ಮಸ್ಸಿನಿಂದ ಅವಳು ಪುಸ್ತಕ ಬಿಡಿಸಿ, ಒಗಟಿನ ಮೇಲೆ ಅಂಗೈ ಮುಚ್ಚಿ, ಕೆಳಗಿನ ನಾಲ್ಕು ಉತ್ತರಗಳನ್ನಷ್ಟೇ ನೋಡಿ, ಪಟಪಟನೆ ಗುರುತು ಹಾಕುತ್ತಾ ಹೋದಳು. ಒಂದೆರಡು ಬಿಟ್ಟು ಉಳಿದವೆಲ್ಲ ಸರಿ.

ಟೀಚರಿಗೆ ಮೊದಲು ಅದು ಆಟವೆನ್ನಿಸಿತು. "ಎಂಬತ್ತು ಅಂತ ಹಾಕಿದ್ಯಲ್ಲ, ಆ ತೊಟ್ಟೀಲಿ ಮೊದಲು ಎಷ್ಟು ನೀರಿತ್ತು ಹೇಳು ನೋಡೋಣ."

"ಯಾವ ತೊಟ್ಟಿ ದೊಡ್ಡಮ್ಮ?"

"ಒಗಟಲ್ಲಿರೋ ತೊಟ್ಟಿ ಕಣೇ."

"ಅದನ್ನೆಲ್ಲ ಓದ್ತಾ ಕೂತ್ರೆ ಟೈಮ್ ಎಲ್ಲಿರತ್ತೆ? ಓದಲೇಬೇಡಿ ಅಂದಿದ್ದಾರೆ ಸರ್."

ತಂಗಿ ಅಡುಗೆಮನೆಯಿಂದ, "ಎಷ್ಟು ಚುರುಕಾಗಿದಾಳೆ ನೋಡಕ್ಕಾ!" ಎಂದಳು. ಟೀಚರ್ ಕೈಯಲ್ಲಿದ್ದ ಕಾಫಿಯನ್ನು ಹಾಗೆಯೇ ಕೆಳಗಿಟ್ಟರಂತೆ.

ಮರುವಾರ ಹುಡುಗಿಯನ್ನು ಬಿಡುವ ನೆಪದಲ್ಲಿ ಟ್ಯೂಷನ್ನಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ಕಿಟಕಿ ಮುಚ್ಚಿದ ಉದ್ದನೆಯ ಕೋಣೆ, ಕೂದಲಿನೆಣ್ಣೆಯೂ ಬೆವರೂ ಸೇರಿದ ವಾಸನೆ, ಭುಜಕ್ಕೆ ಭುಜ ಒತ್ತಿ ಕುಳಿತ ಮಕ್ಕಳು. ಮೇಷ್ಟ್ರು ಮೈಕಿನಲ್ಲಿ ಹೇಳುತ್ತಿದ್ದ.

"ಈ ಪುಸ್ತಕ ಬರೆಯೋರು ಯಾರೋ ಒಬ್ಬರೇ. ಅವರಿಗೊಂದು ಚಾಳಿ ಇದೆ. ಎರಡು ಚಿಕ್ಕ ಉತ್ತರ ಮೊದಲು, ಒಂದು ದೊಡ್ಡದು ಕೊನೆಗೆ. ಮೊದಲನೇದು, ಕೊನೇದು ಮುಟ್ಟಲೇಬೇಡಿ. ಉಳಿದ ಎರಡರಲ್ಲಿ ಡೌಟಿದ್ರೆ ದೊಡ್ಡದಕ್ಕೆ ಹಾಕಿ. ಯಾವುದಕ್ಕೆ?"

"ಸಿ!" ಎಂದು ಮಕ್ಕಳೆಲ್ಲ ಒಂದೇ ಬಾಯಲ್ಲಿ ಕೂಗಿದರು.

ಆತ ಹೇಳಿದ್ದು ನಿಜವಾಗಿತ್ತು. ಅರ್ಧ ದಾರಿಯಲ್ಲೇ ನಿಂತುಬಿಡುವ ಮಕ್ಕಳಿಗಾಗಿ ಎರಡು ಚಿಕ್ಕ ಉತ್ತರ, ಆತುರದ ಮಗುವಿಗಾಗಿ ಒಂದು ದೊಡ್ಡದು. ಒಗಟಿನ ಹಿಂದೆ ಒಗಟು ಬರೆಯುತ್ತ ಅದು ತನ್ನ ಕೈಗೆ ಅಂಟಿದ್ದು ಟೀಚರಿಗೇ ತಿಳಿದಿರಲಿಲ್ಲ. "ಯಾರೋ ನನ್ನ ಬೀರು ತೆಗೆದು ಒಳಬಟ್ಟೆಗಳನ್ನೆಲ್ಲ ಮೂಸಿ ನೋಡಿದ ಹಾಗಾಯ್ತು ಕಣೇ" ಎಂದು ಮಾರನೆಯ ದಿನ ನನ್ನ ಹತ್ತಿರ ಹೇಳಿದರು.

ಅಂದೇ ಮ್ಯಾನೇಜರರ ಕೋಣೆಗೆ ಹೋದರು. ಬಾಗಿಲು ತೆರೆದಿತ್ತು, ನನಗೆ ಎಲ್ಲ ಕೇಳಿಸುತ್ತಿತ್ತು. ಉತ್ತರಗಳ ಕ್ರಮವನ್ನೇ ಬದಲಿಸುತ್ತೇನೆ, ಒಂದು ತಿಂಗಳು ಸಮಯ ಕೊಡಿ ಎಂದರು.

"ಅಯ್ಯಯ್ಯೋ, ಹಾಗೆಲ್ಲ ಮಾಡ್ಬೇಡಿ!" ಮ್ಯಾನೇಜರ್ ಎದ್ದೇ ನಿಂತ. "ನಮ್ಮ ಪುಸ್ತಕ ಬಿಸಿಬಿಸಿ ದೋಸೆ ಥರ ಖರ್ಚಾಗ್ತಿರೋದೇ ಅದಕ್ಕೆ. ಶಾಲೆ ಟೆಸ್ಟಿಗೂ ಲೆಕ್ಕ ಇದರಿಂದಲೇ, ಇದ್ದ ಹಾಗೇ ಎತ್ತೋದು. ಮಕ್ಕಳಿಗೆ ಮಾರ್ಕ್ಸ್ ಬರತ್ತೆ, ತಂದೆತಾಯಿಗೆ ಖುಷಿ, ಟ್ಯೂಷನ್‌ನವರಿಗೂ ಖುಷಿ. ಆ ಚಾಳಿ ಇದ್ದ ಹಾಗೇ ಇರ್ಲಿ ಟೀಚರ್."

"ಅಂದ್ರೆ ನಿಮಗೆ ಗೊತ್ತಿತ್ತು?"

"ಗೊತ್ತಿರದೆ ಏನು?" ಎಂದು ಆತ ಹೆಬ್ಬೆರಳು ನೆಕ್ಕಿ ಮುಂದಿನ ಹಾಳೆ ತಿರುವಿದ.

ಟೀಚರ್ ಹೊರಗೆ ಬಂದವರು ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ಕೈ ತೊಳೆದರು. ಆತನ ಯಾವ ಹಾಳೆಯನ್ನೂ ಅಂದು ಅವರು ಮುಟ್ಟಿರಲಿಲ್ಲ.

ಮುಂದಿನ ಪುಸ್ತಕದ ಕರಡು ನನ್ನ ಮೇಜಿಗೆ ಬಂದಾಗ ಅದರಲ್ಲೊಂದು ಒಗಟು ನೋಡಿ ಪೆನ್ನು ನಿಲ್ಲಿಸಿದೆ. ದರ್ಜಿಯೊಬ್ಬ ಬಟ್ಟೆಯ ಸುರುಳಿಯಿಂದ ತಲಾ ಎರಡೂವರೆ ಮೀಟರಿನಂತೆ ಎಂಟು ಅಂಗಿಗೆ ಬಟ್ಟೆ ಕತ್ತರಿಸಿದ, ಸುರುಳಿಯಲ್ಲಿ ಉಳಿದದ್ದೆಷ್ಟು? ಎ ಐದು, ಬಿ ಹತ್ತು, ಸಿ ಇಪ್ಪತ್ತು, ಡಿ ಮೂವತ್ತು. ಕೊನೆಯ ಪುಟದಲ್ಲಿ ಸರಿಯುತ್ತರ 'ಎ' ಎಂದಿತ್ತು.

"ಟೀಚರ್, ಸುರುಳಿ ಎಷ್ಟು ಮೀಟರಿತ್ತು ಅಂತಲೇ ಹೇಳಿಲ್ವಲ್ಲ?"

"ಗೊತ್ತು. ಹಾಗೇ ಹೋಗ್ಲಿ. ಓದೋರು ಯಾರಾದ್ರೂ ಇದಾರಾ ನೋಡ್ಬೇಕು."

ನಾನು ಆ ಪುಟವನ್ನು ಹಾಗೆಯೇ ಮುಂದಕ್ಕೆ ಕಳಿಸಿದೆ. ಮ್ಯಾನೇಜರ್ ಎಂಜಲು ಹಚ್ಚಿ ಆ ಪುಟವನ್ನೂ ದಾಟಿದ. ಪುಸ್ತಕ ಅಚ್ಚಾಯಿತು, ಶಾಲೆಗಳಿಗೆ ಹೋಯಿತು. ಟೀಚರ್ ಕಾದರು. ಫೋನು ರಿಂಗಾದಾಗಲೆಲ್ಲ ತಲೆ ಎತ್ತುತ್ತಿದ್ದರು. ಯಾವ ಶಾಲೆಯ ಮೇಷ್ಟರೂ, ಯಾವ ಮಗುವಿನ ತಾಯಿಯೂ ಈ ಲೆಕ್ಕಕ್ಕೆ ತಲೆಬುಡ ಇಲ್ಲವಲ್ಲ ಎಂದು ಕೇಳಲಿಲ್ಲ. ದಿನ ಹೋದಂತೆ ಅವರ ಮುಖ ಹುಳಿ ತಿಂದವರಂತೆ ಮುದುಡುತ್ತ ಬಂತು.

ಕೊನೆಗೂ ಒಂದು ದೂರು ಬಂತು. ಮ್ಯಾನೇಜರ್ ತಾನೇ ಟೀಚರರ ಮೇಜಿನವರೆಗೆ ನಡೆದು ಬಂದ.

"ಟ್ಯೂಷನ್ ಮೇಷ್ಟ್ರು ಫೋನ್ ಮಾಡಿದ್ರು. ತುಂಬಾ ಬೇಜಾರಾಗಿದಾರೆ. ಆ ದರ್ಜಿ ಲೆಕ್ಕ ತಪ್ಪಂತೆ."

ಟೀಚರರ ಕಣ್ಣು ಅರಳಿತು. "ಏನು ತಪ್ಪು ಅಂದ್ರು?"

"ಉತ್ತರ ಎ ಅಂತಿದೆಯಂತೆ. ಸಿ ಇರ್ಬೇಕಿತ್ತಂತೆ. ಮಕ್ಕಳೆಲ್ಲ ಸಿ ಹಾಕಿ ಮಾರ್ಕ್ಸ್ ಕಳ್ಕೊಂಡ್ರಂತೆ. ನಾನು ಕ್ಷಮೆ ಕೇಳಿದೀನಿ, ಮುಂದಿನ ಮುದ್ರಣದಲ್ಲಿ ಸಿ ಮಾಡ್ಬಿಡಿ."

ಟೀಚರ್ ಅವನನ್ನೇ ನೋಡಿದರು. ಆಮೇಲೆ, ಇರುವ ದನಿಯನ್ನೆಲ್ಲ ಒಟ್ಟುಗೂಡಿಸಿ, "ಥೂ!" ಎಂದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾವಾರೂ ಕೇಳಿರಲಿಲ್ಲ. ಕೆಳಗೆ ಟೈರು ಅಂಗಡಿಯವನು ಕೂಡ ಸುತ್ತಿಗೆ ನಿಲ್ಲಿಸಿದ. ಅವರು ಕನ್ನಡಕವನ್ನೂ ನೀರಿನ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದುಹೋದರು. ಮತ್ತೆ ಬರಲಿಲ್ಲ. ಅವರ ಜಾಗಕ್ಕೆ ಬಂದವನು ಹಳೆಯ ಪುಸ್ತಕಗಳ ಅಂಕಿಗಳನ್ನಷ್ಟೇ ಬದಲಿಸಿ ಹೊಸ ಪುಸ್ತಕ ಮಾಡುತ್ತಾನೆ. ಮ್ಯಾನೇಜರಿಗೆ ಅವನೆಂದರೆ ಪ್ರಾಣ.

ತಂಗಿಯ ಮಗಳನ್ನು ಆ ಟ್ಯೂಷನ್ನಿಂದ ಬಿಡಿಸಲು ಟೀಚರ್ ನೋಡಿದರು. "ಮಾರ್ಕ್ಸ್ ಕಮ್ಮಿ ಆದ್ರೆ ನೀನು ತಂದುಕೊಡ್ತೀಯಾ ಅಕ್ಕಾ?" ಎಂದು ತಂಗಿ ಮುಖಕ್ಕೆ ಹೊಡೆದಂತೆ ಕೇಳಿದಳು. ಹುಡುಗಿ ಆ ವರ್ಷ ತರಗತಿಗೇ ಮೊದಲು ಬಂದಳು. ತಂಗಿ ಸಿಹಿಯ ಡಬ್ಬಿ ತಂದುಕೊಟ್ಟಾಗ ಟೀಚರ್ ಒಂದು ಚೂರು ಬಾಯಿಗೆ ಹಾಕಿಕೊಂಡರಂತೆ. ನುಂಗಲಾಗದೆ ಹಿತ್ತಲಿಗೆ ಹೋಗಿ ಉಗುಳಿ ಬಂದರಂತೆ.

ಈಗ ಅವರು ದೊಡ್ಡ ರಸ್ತೆಯ ಟೈಲ್ಸ್ ಅಂಗಡಿಯಲ್ಲಿದ್ದಾರೆ. ಕೋಣೆಯ ಉದ್ದಗಲ ಹೇಳಿದರೆ ಎಷ್ಟು ಟೈಲ್ಸ್ ಬೇಕು, ಮೂಲೆಗಳಲ್ಲಿ ಎಷ್ಟು ಕತ್ತರಿಸಿ ಹೋಗುತ್ತವೆ ಎಂದು ಲೆಕ್ಕ ಹಾಕಿಕೊಡುವುದು ಅವರ ಕೆಲಸ. ಮೊನ್ನೆ ನಾನು ಬಚ್ಚಲುಮನೆಗೆ ಟೈಲ್ಸ್ ನೋಡಲು ಹೋಗಿದ್ದೆ. ನನಗಿಂತ ಮುಂದೆ ಒಬ್ಬ ದಪ್ಪ ಗಿರಾಕಿ ಕೌಂಟರಿಗೆ ಒರಗಿಕೊಂಡು ನಿಂತಿದ್ದ.

"ಅಳತೆ ಎಲ್ಲ ಯಾಕೆ ಮೇಡಂ, ಸುಮಾರಾಗಿ ಒಂದು ಹೇಳಿ. ನೂರೋ, ನೂರೈವತ್ತೋ, ಇನ್ನೂರೋ?"

ಟೀಚರ್ ಅವನನ್ನು ಆ ಹಳೆಯ ಅಸಹ್ಯದ ಕಣ್ಣಿನಲ್ಲೇ ನೋಡಿ, ಡ್ರಾಯರಿನಿಂದ ಅಳತೆ ಟೇಪು ತೆಗೆದು ಅವನ ಕೈಗಿಟ್ಟರು.

"ಮನೆಗೆ ಹೋಗಿ ಅಳೆದುಕೊಂಡು ಬನ್ನಿ" ಎಂದು ಪಿಸುಗುಟ್ಟಿ, ನನ್ನ ಕಡೆ ತಿರುಗಿದರು. "ನೀನು ಅಳೆದೇ ಬಂದಿದೀಯ ತಾನೇ?"