ಊಟದ ಹೊತ್ತಿನ ಗಜಲ್

ಶನಿವಾರ ಬೆಳಿಗ್ಗೆ ಏಳೂವರೆಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಪಕ್ಕದ ಮನೆಯ ಯೂಸುಫ್ ಅಂಕಲ್. "ನಿನ್ನ ಗರಾಜಿನಲ್ಲಿ ಹಾರ್ಮೋನಿಯಂ ನೋಡಿದೆ. ಬೇಕಿತ್ತು," ಎಂದರು.

ನಾನಿನ್ನೂ ಹಲ್ಲುಜ್ಜಿರಲಿಲ್ಲ. ವಾರವಿಡೀ ದೂರದ ಹ್ಯಾಮಿಲ್ಟನ್‌ನಲ್ಲಿರುವ ಕೆಲಸದ ಸೈಟಿಗೆ ಕಾರು ಓಡಿಸಿ ಸೊಂಟ ಬಿದ್ದುಹೋಗಿತ್ತು. ಶನಿವಾರ ಅಂದರೆ ನನಗೆ ನಿದ್ದೆ, ಅಷ್ಟೇ. (ಐವತ್ತು ದಾಟಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.)

"ತಗೊಂಡು ಹೋಗಿ ಅಂಕಲ್. ವಾಪಸ್ ಕೊಡದಿದ್ದರೂ ಪರವಾಗಿಲ್ಲ."

"ತಗೊಂಡು ಹೋಗಿ ನಾನೇನು ಮಾಡಲಿ? ನುಡಿಸೋಕೆ ನೀನೂ ಬೇಕು."

ಅಂಕಲ್ ಮಲೇಷ್ಯಾದ ಜೊಹೋರ್ ಕಡೆಯವರು. ಗಂಬುಸ್ ನುಡಿಸುತ್ತಾರೆ. ಅರ್ಧ ಸೀಳಿದ ಪರಂಗಿಹಣ್ಣಿನಂಥ ಹೊಟ್ಟೆಯ ತಂತಿವಾದ್ಯ ಅದು. ಹೆಂಡತಿ ಜೈನಬ್ ಆಂಟಿ ಹಾಡುತ್ತಾರೆ. ವಯೊಲಿನ್‌ಗೆ, ತಬಲಾಗೆ ಇಬ್ಬರು ಹಳೇ ಗೆಳೆಯರಿದ್ದಾರೆ. ಹಾರ್ಮೋನಿಯಂನವರು ಮಾತ್ರ ಮಗಳ ಹತ್ತಿರ ಇರ್ತೀನಿ ಅಂತ ಆಸ್ಟ್ರೇಲಿಯಾಕ್ಕೆ ಹೋಗಿಬಿಟ್ಟಿದ್ದಾರೆ. ಇನ್ನೆರಡು ವಾರಕ್ಕೆ ಅಂಕಲ್ ಮೊಮ್ಮಗಳು ಆಯಿಷಾಳ ಮದುವೆ.

ಅಲ್ಲ, ಮಲಾಯ್ ಸಂಗೀತಕ್ಕೂ ಹಾರ್ಮೋನಿಯಂಗೂ ಎಲ್ಲಿಯ ಸಂಬಂಧ?

"ನಿಮ್ಮ ಕಡೆಯವರೇ ತಂದಿದ್ದು," ಅಂದರು ಅಂಕಲ್. "ಗಂಬುಸ್ ಅರಬರದು, ವಯೊಲಿನ್ ಬಿಳಿಯರದು, ಹಾರ್ಮೋನಿಯಂ, ತಬಲಾ ನಿಮ್ಮದು. ಇದಕ್ಕಿರೋ ಗಜಲ್ ಅನ್ನೋ ಹೆಸರೂ ಹೊರಗಿಂದೇ. ಹಾಡು ಮಾತ್ರ ನಮ್ಮದು."

ಆಗಲ್ಲ ಅನ್ನಲು ಬಾಯಿ ತೆರೆದೆ. ಒಳಗಿನಿಂದ ನನ್ನ ಹೆಂಡತಿ ಸುಮಾ, "ಹೋಗಿ ಬನ್ನಿ. ಭಜನೆಗೆ ನುಡಿಸೋದು ಬಿಟ್ಟಮೇಲೆ ನೀವು ಸೋಫಾ ಬಿಟ್ಟು ಎದ್ದೇ ಇಲ್ಲ," ಅಂದಳು. ಮುಗಿಯಿತು.

ನಾಲ್ಕು ಸಂಜೆ ಪ್ರಾಕ್ಟೀಸ್. ನಾನೋ, ಭಜನೆಯ ಕೈ. ಎರಡನೇ ಸಾಲಿಗೇ ಓಡುತ್ತಿದ್ದೆ. "ಯಾಕಪ್ಪಾ, ಬಸ್ ಹಿಡೀಬೇಕಾ?" ಎಂದರು ಆಂಟಿ. "ನಾನು ಸಾಲು ಮುಗಿಸ್ತೀನಿ. ಆಮೇಲೆ ನೀನು ಬಾ."

ಆ ಹಾಡುಗಳು ನಾಲ್ಕು ನಾಲ್ಕು ಸಾಲಿನವು. ಮೊದಲೆರಡರಲ್ಲಿ ಹೂವು, ಹಕ್ಕಿ, ನದಿ. ಕೊನೆಯೆರಡರಲ್ಲಿ ಮನಸ್ಸಿನ ಮಾತು. ಆಯಿಷಾಗೆಂದೇ ಆಂಟಿ ಸ್ವತಃ ಒಂದು ಕಟ್ಟಿದ್ದರು. ಅರ್ಥ ಕೇಳಿದೆ. "ಅದು ಅವಳಿಗೆ ಹೇಳೋ ಮಾತು, ನಿನಗಲ್ಲ," ಅಂತ ನಕ್ಕರು.

ಮದುವೆ ನಮ್ಮ ಊರಂಚಿನ ಪಾಪಕುರಾದ ಒಂದು ಹಾಲ್‌ನಲ್ಲಿ. ಮದುಮಗನನ್ನು ಕೊಂಪಾಂಗ್ ಬಡಿಯುತ್ತಾ ಕರೆತಂದರು. ನಮ್ಮ ತಮಟೆಯ ತಂಗಿಯಂತಿದೆ ಅದು. ಹತ್ತಾರು ಜನ ಒಟ್ಟಿಗೆ ಬಡಿದರೆ ಎದೆಯೇ ನಡುಗುತ್ತದೆ. ಎಲ್ಲರ ಫೋನ್‌ಗಳೂ ಮೇಲೆದ್ದವು.

ಆಮೇಲೆ ನಮ್ಮ ಸರದಿ. ನಮಗೆ ಕೊಟ್ಟ ಜಾಗ ಬಫೆ ಟೇಬಲ್‌ಗೂ ಟಾಯ್ಲೆಟ್ ಬಾಗಿಲಿಗೂ ನಡುವೆ. ಶುರು ಮಾಡಿದೆವು, ಜನ ಪ್ಲೇಟು ಹಿಡಿದರು. ಎರಡು ಹಾಡು ಮುಗಿದವು. ಚಪ್ಪಾಳೆ? ಇಲ್ಲ. ಸೌಂಡ್ ನೋಡಿಕೊಳ್ಳುತ್ತಿದ್ದವನು ಬಂದು, "ಅಂಕಲ್, ಲಾಸ್ಟ್ ಒನ್ ಪ್ಲೀಸ್. ಶೆಡ್ಯೂಲ್ ಲೇಟಾಗಿದೆ," ಎಂದ.

ಆಂಟಿ ಮೂರನೆಯದನ್ನು ಬಿಟ್ಟು ನೇರ ಆಯಿಷಾಳ ಹಾಡಿಗೆ ಬಂದರು. ಎರಡನೇ ಸಾಲಿನಲ್ಲಿ ಮೈಕ್ ಆಫ್. ಅವರು ನಿಲ್ಲಿಸಲಿಲ್ಲ. ಅವರ ದನಿ ಮುಳುಗದಿರಲಿ ಅಂತ ನಾನು ಹಾರ್ಮೋನಿಯಂನ ತಿದಿಯನ್ನು ಆದಷ್ಟು ಮೆತ್ತಗೆ ಒತ್ತಿದೆ. ನಾಲ್ಕೂ ಸಾಲು ಮುಗಿದವು. ಹತ್ತಿರದ ಟೇಬಲ್‌ನಲ್ಲಿ ಯಾರೋ ಇನ್ನಷ್ಟು ಅನ್ನ ತರಲು ಎದ್ದರು.

ವಾದ್ಯಗಳನ್ನು ಕಟ್ಟುತ್ತಿದ್ದಾಗ ಆಯಿಷಾ ಉದ್ದ ಲಂಗ ಎತ್ತಿಕೊಂಡು ಓಡಿಬಂದಳು. "ಅಜ್ಜಿ, ಹಾಡೋದು ಯಾವಾಗ? ಫೋಟೋದವನು ಬಿಡ್ಲೇ ಇಲ್ಲ."

ಆಂಟಿ ಅವಳ ಕೆನ್ನೆ ಸವರಿದರು. "ಹಾಡಿ ಆಯ್ತು ಕಂದಾ. ನೀನು ಊಟ ಮಾಡಿದ್ಯಾ?"

ವಾಪಸ್ ಬರುವಾಗ ಕಾರಿನಲ್ಲಿ ನನ್ನ ಸಿಟ್ಟು ಹೊರಬಿತ್ತು. "ಒಬ್ಬರಾದ್ರೂ ಕೇಳಿದ್ರಾ ಅಂಕಲ್?" ಆಂಟಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

"ಮದುವೆ ಗಜಲ್ ಯಾವತ್ತೂ ಊಟದ ಹೊತ್ತಿಗೇ ಕಣಪ್ಪಾ," ಎಂದರು ಅಂಕಲ್. "ಜೊಹೋರ್‌ನಲ್ಲೂ ಅಷ್ಟೇ. ಬೇರೆಯವರು ನುಡಿಸುವಾಗ ನಾನೂ ಊಟಾನೇ ಮಾಡಿದ್ದೀನಿ." ಆಮೇಲೆ ಹಿಂದೆ ತಿರುಗಿ ಹೆಂಡತಿಯನ್ನೊಮ್ಮೆ ನೋಡಿ, "ಆದ್ರೆ ಇವತ್ತು ಆ ಹುಡುಗಿ ಕೇಳಬೇಕಿತ್ತು," ಅಂದರು.

ಮನೆಗೆ ಬಂದು ಸೊಂಟಕ್ಕೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿದೆ. ಸೌಂಡಿನವನನ್ನು, ಫೋಟೋದವನನ್ನು ಮನಸಾರೆ ಬೈದೆ. ಬೈಯುತ್ತಾ ಬೈಯುತ್ತಾ ಮೈಸೂರಿನಲ್ಲಿ ನಡೆದ ನನ್ನದೇ ಮದುವೆ ನೆನಪಾಯಿತು. ಹುಳಿಗೆ ಉಪ್ಪು ಜಾಸ್ತಿಯಾಗಿದ್ದು ಗೊತ್ತು. ಷಡ್ಡಕ ಮುನಿಸಿಕೊಂಡಿದ್ದು ಗೊತ್ತು. ಮೂಲೆಯಲ್ಲಿ ಕೂತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವಾಲಗ ಊದಿದವರು? ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂದಾಗ ಜೋರಾಗಿ ಊದಿದರು. ಉಳಿದಂತೆ ಏನು ನುಡಿಸಿದರೋ, ಎಷ್ಟು ಜನ ಇದ್ದರೋ, ಊಟ ಮಾಡಿದರೋ ಇಲ್ಲವೋ, ದೇವರಾಣೆ ಗೊತ್ತಿಲ್ಲ.

ನಿಮ್ಮ ಮದುವೆಗೆ ವಾಲಗ ಊದಿದವರ ಮುಖ ನಿಮಗೆ ನೆನಪಿದೆಯಾ?