ಅಕ್ಕಿ ಹಿಡಿಸಿದ ಓಟು

ಈ ಸಲದ ಹುತ್ತರಿ ಹಬ್ಬಕ್ಕೆ ಸೊಸೆ ನನ್ನ ಅಂಗೈಗೆ ಒಂದು ಹಿಡಿ ಹೊಸ ಅಕ್ಕಿ ಸುರಿದು, ಹಿರಿಯರಿಗೆ ದೀಪ ಇಡುವ ಕನ್ನಿಕಂಬದ ಬುಡಕ್ಕೆ ಹಾಕಲು ಹೇಳಿದಳು. ಹೊಸ ಅಕ್ಕಿಗೆ ಹಸಿ ಹುಲ್ಲಿನಂಥ ಒಂದು ವಾಸನೆ ಇರುತ್ತದೆ. ಮೂಗಿಗೆ ಅದು ಬಡಿದದ್ದೇ ಮುಷ್ಟಿ ಮುಚ್ಚಿ ಶಾಲಿನೊಳಗೆ ಎಳೆದುಕೊಂಡೆ. ಚಳಿ ಎಂದೆ. ಚಳಿಯಲ್ಲ, ಅಣ್ಣನ ನೆನಪು...

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಗದ್ದೆಗಿಳಿದವನು. ಅಣ್ಣ ಓದಿ ಮಡಿಕೇರಿಯಲ್ಲಿ ವಕೀಲನಾದ. ಒಂದು ಕಡೆ ಕೂರುವ ಜೀವ ಅಲ್ಲ. ಊರಿಗೆ ಬಂದರೂ ಕೇಸಿನ ಮಾತು ಆಡುತ್ತಾ ಜಗಲಿಯ ಉದ್ದಕ್ಕೂ ನಡೆಯುತ್ತಿದ್ದ, ಕಕ್ಷಿದಾರರು ಹಿಂದೆಯೇ ನಡೆಯಬೇಕು.

ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ದೊಡ್ಡ ಮಾತು ಕೊಡುವವರು ನಡುಮನೆಯ ಕನ್ನಿಕಂಬ ಮುಟ್ಟಿ ಅಕ್ಕಿ ಹಿಡಿಯಬೇಕು. ಆ ಅಕ್ಕಿಯನ್ನು ಮನೆಗೊಯ್ದು ಬಟ್ಟೆಯಲ್ಲಿ ಗಂಟು ಕಟ್ಟಿಡಬೇಕು. ಹಿಡಿಸಿದವನೇ ಬಂದು ವಾಪಸ್ ತೆಗೆದುಕೊಳ್ಳುವವರೆಗೆ ಮಾತು ತೀರುವುದಿಲ್ಲ. ಅಣ್ಣನಿಗೆ ಇದು ಆಗದು. ಅಕ್ಕಿ ಹಿಡಿಸಿದ ಸಾಕ್ಷಿ ತನಗೆ ಬೇಡ, ಕಂಡದ್ದನ್ನು ಹೇಳುವ ಸಾಕ್ಷಿ ಸಾಕು ಎನ್ನುತ್ತಿದ್ದ. ಹಾಗೆಂದು ಗೆಲ್ಲುವ ಕೇಸುಗಳನ್ನೂ ಬಿಟ್ಟಿದ್ದ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಮೊದಲ ಚುನಾವಣೆ ಬಂತು, ಅಣ್ಣ ನಿಂತ. ನಾನೂ ಊರೂರು ಅಲೆದೆ. ನನ್ನ ಓಡಾಟ ನೋಡಿ ಅಣ್ಣ ನಗುತ್ತಿದ್ದ: "ನೀ ಶಾಲೆ ಬುಟ್ಟದ್ ಒಳ್ಳೇದಾತ್ ತಮ್ಮ. ಇಲ್ಲದಿದ್ರೆ ನೀನೂ ವಕೀಲ ಆಗಿ ನನ್ನೆದ್ರೇ ನಿಲ್ತಿದ್ದ."

ಆದರೆ ಜನ ಎಲ್ಲರಿಗೂ ಹೂಂ ಎನ್ನುತ್ತಿದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಒಳಗೆ ಹೋದವರು ಯಾರ ಪೆಟ್ಟಿಗೆಗೆ ಹಾಕಿದರೆಂದು ಹೇಗೆ ತಿಳಿಯುವುದು? ನನಗೆ ನಿದ್ದೆ ಹತ್ತಲಿಲ್ಲ. ಅಣ್ಣ ಮಡಿಕೇರಿಗೆ ಹೋಗಿದ್ದಾಗ ಸುತ್ತಲಿನ ಮನೆಯವರನ್ನು ಕರೆಸಿದೆ. ವಕೀಲರೇ ಹೇಳಿದ್ದಾರೆ ಎಂದು ಕನ್ನಿಕಂಬ ಮುಟ್ಟಿಸಿ, ಓಟು ಅವರಿಗೇ ಎಂದು ಅಕ್ಕಿ ಹಿಡಿಸಿದೆ.

ಅಣ್ಣ ಗೆದ್ದ. ಮಡಿಕೇರಿಯ ವಿಧಾನಸಭೆಯಲ್ಲಿ ನಮ್ಮ ಹೊಳೆಯ ಸೇತುವೆಗಾಗಿ ಜಗಳವಾಡಿ ಅದನ್ನು ಕಟ್ಟಿಸಿದ. ಯಾರನ್ನೂ ಕಟ್ಟಿಹಾಕದೆ ಬಂದ ಓಟು ಇದು ಎಂದು ಹೋದಲ್ಲೆಲ್ಲ ಹೇಳುತ್ತಿದ್ದ. ಕೇಳಿದಾಗಲೆಲ್ಲ ನಾನು ಎದ್ದು ಹಟ್ಟಿಯ ಕಡೆ ಹೋಗುತ್ತಿದ್ದೆ.

ಕೊಡಗು ಮೈಸೂರಿಗೆ ಸೇರಿತು, ಇನ್ನೊಂದು ಚುನಾವಣೆ ಹತ್ತಿರವಾಯಿತು. ಒಂದು ಬೆಳಿಗ್ಗೆ ಎದುರು ಬಾಣೆಯ, ಅಂದರೆ ಹುಲ್ಲುಗುಡ್ಡದ ಮನೆಯ, ಅಜ್ಜಿ ಜಗಲಿಯ ಬಳಿ ಬಂದರು. ಕೆಳಗೇ ನಿಂತು ಅಣ್ಣನನ್ನು ಕೇಳಿದರು:

"ವಕೀಲರೇ, ಈ ಸಲಕ್ಕೂ ಅದೇ ಅಕ್ಕಿ ಸಾಕಾ, ಬೇರೆ ಹಿಡಿಯೊಕಾ?"

ಅಣ್ಣನ ನಡಿಗೆ ನಿಂತಿತು. ಅವನು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿಗೆ ಕಾಫಿ ಕೊಡಿಸಿ, ಕಳಿಸಿ, ನನ್ನ ಕಡೆ ತಿರುಗಿದ. ಬೈಯಲಿಲ್ಲ.

"ಹಿಡ್ಸಿದವನೇ ಹೋಗಿ ಬಿಡ್ಸೊಕು ತಮ್ಮ. ನಾ ಹೋದರೆ ಆದುಲೆ. ಅದಾದ ಮೇಲೆ ನಿಲ್ಲೊದೋ ಬೇಡವೋ ನೋಡ್ಮ."

ನಾನು ಹೊರಟೆ ಕೂಡ. ಮೊದಲ ಮನೆಯ ಬೇಲಿಯ ಉಣುಗೋಲಿನವರೆಗೆ ಹೋದೆ. ಒಳಗೆ ಹೋಗಿ ಏನೆನ್ನಲಿ? ವಕೀಲರು ಹೇಳಿರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎನ್ನಬೇಕು. ಅಂಗಳದಲ್ಲಿ ಭತ್ತ ಹರವುತ್ತಿದ್ದವರು ತಲೆ ಎತ್ತುವ ಮೊದಲೇ ಹಿಂದಿರುಗಿದೆ. ಸಂತೆಯಲ್ಲಿ ಹೊತ್ತು ಕಳೆದು ಮನೆಗೆ ಬಂದೆ.

"ಹೋಗಿ ಆತಾ?" ಎಂದ ಅಣ್ಣ.

"ಆತ್," ಎಂದೆ.

ಸುಳ್ಳು ಸಾಕ್ಷಿಯನ್ನು ಕಣ್ಣು ನೋಡಿಯೇ ಹಿಡಿಯುತ್ತಿದ್ದವನು ಅವನು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ಮತ್ತೆ ನಡೆಯತೊಡಗಿದ. ಆ ಚುನಾವಣೆಗೆ ನಾಮಪತ್ರ ಹಾಕಲಿಲ್ಲ. ಮುಂದೆಯೂ ಹಾಕಲಿಲ್ಲ. ಕೊಡಗು ರಾಜ್ಯ ಹೋದದ್ದಕ್ಕೆ ವಕೀಲರ ಮನಸ್ಸು ಮುರಿಯಿತು ಎಂದು ಜನ ಆಡಿಕೊಂಡರು. ನಾನೂ ಹೌದೆಂದೆ...

ಅಣ್ಣ ತೀರಿಕೊಂಡ ದಿನ ಎಲ್ಲರೂ ಅವನ ಬಾಯಿಗೆ ಅಕ್ಕಿಕಾಳು ಹಾಕಿ ಹೋಗುತ್ತಿದ್ದರು. ಎದುರು ಬಾಣೆಯ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಸೊಂಟದಿಂದ ಒಂದು ಹಳೆಯ ಬಟ್ಟೆಯ ಗಂಟು ತೆಗೆದು ಅವನ ಕೈಯ ಪಕ್ಕದಲ್ಲಿ ಬಿಚ್ಚಿದರು. ಅಂದಿನ ಅಕ್ಕಿ ಹುಳ ತಿಂದು ಹಿಟ್ಟಾಗಿತ್ತು.

"ನಿಮ್ಮದ್ ನಿಮಗೇ ಕೊಟ್ಟೆ ವಕೀಲರೇ. ನೀವಂತೂ ಬರ್ಲಿಲ್ಲೆ."

ಹಿಡಿಸಿದವನು ಅವನಲ್ಲ, ನಾನು ಎನ್ನಬೇಕಿತ್ತು. ಅಜ್ಜಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಈಗ ಅಜ್ಜಿಯೂ ತೀರಿ ಹೋಗಿಯಾಯಿತು, ಅಂದು ಅಕ್ಕಿ ಹಿಡಿದವರೆಲ್ಲ ಹೋಗಿಯಾಯಿತು. ಆ ಸೇತುವೆಯ ಮೇಲೆ ಈಗ ಬಸ್ಸು ಓಡುತ್ತದೆ. ಅದರಲ್ಲಿ ಕೂತರೆ ನಾನು ಆಚೆ ದಡ ಬರುವವರೆಗೆ ತಲೆ ಎತ್ತುವುದಿಲ್ಲ.

"ಹಾಕಿ ಮಾವ, ಎಲ್ಲರೂ ಕಾಯ್ತಿದ್ದಾರೆ," ಎಂದಳು ಸೊಸೆ. ಹಾಕಿದೆ. ಬೆವರಿದ ಅಂಗೈಗೆ ಒಂದಿಷ್ಟು ಕಾಳು ಅಂಟಿಕೊಂಡೇ ಉಳಿದವು. ಕೊಡವಲು ಹೋಗಲಿಲ್ಲ.